ಕಾರಾಪುರದ ಸಾಬು

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರ ಎಂದರೆ ಈಗ ಎಲ್ಲರಿಗೂ ನೆನಪಾಗುವುದು ಕಬಿನಿ ಹಿನ್ನೀರು, ಸಫಾರಿ ಜೀಪು, ಒಂದು ರಾತ್ರಿಗೆ ಸಾವಿರಾರು ರೂಪಾಯಿ ಕೇಳುವ ರೆಸಾರ್ಟು. ಅದೇ ಕಾರಾಪುರದಲ್ಲಿ 1924ರ ಜನವರಿ 27ರಂದು ಮಾವುತನೊಬ್ಬನ ಮನೆಯಲ್ಲಿ ಹುಟ್ಟಿದ ಹುಡುಗ, ಹದಿಮೂರನೇ ವಯಸ್ಸಿಗೆ ಇಂಗ್ಲೆಂಡ್ ಮತ್ತು ಅಮೆರಿಕದ ಚಿತ್ರಮಂದಿರಗಳ ಪರದೆಯ ಮೇಲಿದ್ದ. ಅವನ ಹೆಸರು ಸಾಬು. ನಮ್ಮ ಹುಣಸೂರಿನಿಂದ ಕೋಟೆ ಕಡೆಗೆ ದಿನಾ ಬಸ್ಸು ಓಡಾಡುತ್ತವೆ. ಆದರೂ ನಮ್ಮ ತರಗತಿಯಲ್ಲಿ ಈ ಹೆಸರನ್ನು ಕೇಳಿದ್ದವರು ಇಬ್ಬರೇ.

ಈ ಸಂಚಿಕೆಗೆ ಹಳೆಯ ಕಾಲದ ನಾಟಕ, ಸಿನಿಮಾ ಕಲಾವಿದರ ಬಗ್ಗೆ ಬರೆಯಿರಿ ಎಂದು ನಮ್ಮ ಕನ್ನಡ ಉಪನ್ಯಾಸಕರು ಹೇಳಿದಾಗ ಗೆಳೆಯರು ಬೇಗ ಬೇಗ ಹೆಸರು ಹಿಡಿದುಕೊಂಡರು. ಗುಬ್ಬಿ ವೀರಣ್ಣ ಒಬ್ಬರ ಪಾಲಾದರು. 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಸುಬ್ಬಯ್ಯ ನಾಯ್ಡು ಇನ್ನೊಬ್ಬರಿಗೆ ಹೋದರು. ಮೈಸೂರು ರಂಗಭೂಮಿಯ ಮಹಮ್ಮದ್ ಪೀರ್, ಬೀಳಗಿಯ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ ಅವರನ್ನೂ ಯಾರೋ ತೆಗೆದುಕೊಂಡರು. ನಾನು ಸಾಬು ಎಂದೆ. ತರಗತಿ ನಕ್ಕಿತು. ನಮ್ಮ ಕಡೆ ಮುಸ್ಲಿಮರನ್ನು ಬೀದಿಯಲ್ಲಿ ಸಾಬ್ರೇ ಎಂದು ಕರೆಯುವುದು ರೂಢಿ. ಹಾಗಾಗಿ ನಾನು ಯಾರೋ ಪಕ್ಕದ ಮನೆಯವರ ಬಗ್ಗೆ ಬರೆಯುತ್ತೇನೆ ಎಂದು ಅವರಿಗೆ ಅನ್ನಿಸಿತು. ಒಂದು ಲೆಕ್ಕದಲ್ಲಿ ಅವರು ತಿಳಿದದ್ದು ಸರಿಯೇ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಾಬು ಹುಡುಗನಾಗಿದ್ದ ಕಾಲದ ಸಂಗತಿ ಬರೆಯುವಾಗ ಅವನು ಎಂದೂ, ದೊಡ್ಡವರಾದ ಮೇಲೆ ಅವರು ಎಂದೂ ಬರೆಯುತ್ತೇನೆ. ಸಿನಿಮಾ ಲೋಕ ಅವರಿಗೆ ಆ ಎರಡನೆಯ ಮರ್ಯಾದೆಯನ್ನು ಕೊಡಲೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಹೇಗೆ ಎಂದು ಮುಂದೆ ಬರುತ್ತದೆ.

ಸಾಬುವಿನ ಕಥೆ ಕಾಡಿನಿಂದಲೇ ಶುರುವಾಗಬೇಕು. ಮೈಸೂರು ಸಂಸ್ಥಾನದಲ್ಲಿ ಕಾಡಾನೆಗಳನ್ನು ಹಿಡಿಯಲು ಖೆಡ್ಡಾ ಎಂಬ ಪದ್ಧತಿ ಇತ್ತು. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಇಲ್ಲಿಗೆ ತಂದ. ಮುಂದೆ ಕಬಿನಿ ದಂಡೆಯ ಕಾಕನಕೋಟೆ, ಕಾರಾಪುರ ಖೆಡ್ಡಾಕ್ಕೆ ಹೆಸರಾದವು. ಕಾಡಿನ ಸುಳಿವು ಬಲ್ಲ ಜೇನುಕುರುಬರು ಆನೆಗಳ ಹಿಂಡು ಎಲ್ಲಿದೆ ಎಂದು ಹುಡುಕಿ ತಿಳಿಸುತ್ತಿದ್ದರು. ನೂರಾರು ಜನ ಸುತ್ತುಗಟ್ಟಿ, ಬೆಂಕಿ ಹಾಕಿ, ತಮಟೆ ಬಡಿದು, ದಿನಗಟ್ಟಲೆ ಹಿಂಡನ್ನು ಸ್ವಲ್ಪ ಸ್ವಲ್ಪವಾಗಿ ಹೊಳೆಯ ಕಡೆಗೆ ತಳ್ಳುತ್ತಿದ್ದರು. ಕೊನೆಯ ದಿನ ಹಿಂಡು ಹೊಳೆಗೆ ಇಳಿಯಬೇಕು, ದಾಟಬೇಕು, ಆಚೆ ದಡದಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ದೊಡ್ಡಿಗೆ ನುಗ್ಗಬೇಕು. ಇದನ್ನು ನೋಡಲು ಮಹಾರಾಜರ ಅತಿಥಿಗಳಾಗಿ ದೊಡ್ಡ ದೊಡ್ಡವರು ಬಂದು ಅಟ್ಟಣಿಗೆಯ ಮೇಲೆ ಕೂರುತ್ತಿದ್ದರು.

ಅತಿಥಿಗಳಿಗೆ ಅದು ತಮಾಷೆ. ನಿಜವಾದ ಕೆಲಸ ಆಮೇಲೆ. ದೊಡ್ಡಿಯೊಳಗೆ ಸಿಟ್ಟು ಮತ್ತು ಭಯದಿಂದ ಘೀಳಿಡುವ ಕಾಡಾನೆಗಳ ನಡುವೆ, ಪಳಗಿದ ಆನೆಯ ಕುತ್ತಿಗೆ ಮೇಲೆ ಕೂತು ಮಾವುತ ಹೋಗಬೇಕು. ಎರಡು ಸಾಕಾನೆಗಳು ಒಂದು ಕಾಡಾನೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯಬೇಕು, ಆಗ ಹಿಂದಿನಿಂದ ಅದರ ಕಾಲಿಗೆ ಹಗ್ಗ ಬೀಳಬೇಕು. ಸಾಕಾನೆ ಒಂದು ಹೆಜ್ಜೆ ತಪ್ಪಿಟ್ಟರೆ ಮಾವುತನ ಜೀವ ಹೋಗುತ್ತದೆ. ಆನೆಗೆ ಮಾತು ತಿಳಿಸಲು ಮಾವುತ ತನ್ನ ಕಾಲ್ಬೆರಳನ್ನು ಅದರ ಕಿವಿಯ ಹಿಂದೆ ಒತ್ತುತ್ತಾನೆ. ಎಷ್ಟು ಒತ್ತಬೇಕು, ಯಾವ ಕಡೆ ಒತ್ತಬೇಕು ಎಂಬುದನ್ನು ಪುಸ್ತಕ ಓದಿ ಕಲಿಯಲಾಗದು. ಅಪ್ಪನ ಮುಂದೆ ಕೂತು ಕಲಿಯಬೇಕು.

ಸಾಬುವಿನ ಅಪ್ಪ ಇಂಥ ಮಾವುತ, ಮಹಾರಾಜರ ಆನೆಗಳನ್ನು ನೋಡಿಕೊಳ್ಳುತ್ತಿದ್ದವನು. ತಾಯಿ ಸಾಬು ಕೂಸಾಗಿದ್ದಾಗಲೇ ತೀರಿಕೊಂಡಳು. ಕೆಲವು ವರ್ಷಗಳಲ್ಲೇ ಅಪ್ಪನೂ ಹೋದ. ಉಳಿದವನು ಅಣ್ಣ ಶೇಖ್ ದಸ್ತಗೀರ್. ಹುಡುಗ ಮೈಸೂರಿನ ಅರಮನೆಯ ಆನೆ ಲಾಯದ ಆಶ್ರಯಕ್ಕೆ ಬಂದ. ಆನೆ ಅವನ ತೊಟ್ಟಿಲು ತೂಗುತ್ತಿತ್ತು, ಹಾಗಾಯಿತು, ಹೀಗಾಯಿತು ಎಂದು ಆಮೇಲೆ ಪತ್ರಿಕೆಗಳು ಬಹಳ ಬರೆದವು. ಸಿನಿಮಾ ಕಂಪನಿಯವರ ಪ್ರಚಾರದ ಕಥೆಗಳು ಅದರಲ್ಲಿ ಎಷ್ಟೋ ಸೇರಿಕೊಂಡಿವೆ. ಅವನ್ನೆಲ್ಲ ನಾನು ಬಿಟ್ಟಿದ್ದೇನೆ. ತಂದೆ ತಾಯಿ ಇಲ್ಲದ, ಆನೆಯ ಕೆಲಸ ಗೊತ್ತಿದ್ದ ಒಬ್ಬ ಹುಡುಗ ಎಂದರೆ ಸಾಕು.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ಚಿತ್ರ ನಿರ್ದೇಶಕ ಮೈಸೂರಿಗೆ ಬಂದರು. ಹಿಮದ ನಾಡಿನ ಜನರ ಬಗ್ಗೆ 1922ರಲ್ಲಿ ‘ನ್ಯಾನೂಕ್ ಆಫ್ ದಿ ನಾರ್ತ್’ ಎಂಬ ಚಿತ್ರ ಮಾಡಿ ಜಗತ್ತಿಗೆಲ್ಲ ಹೆಸರಾಗಿದ್ದವರು ಅವರು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರನ್ನು ಕಳಿಸಿದ್ದರು. ರಡ್ಯಾರ್ಡ್ ಕಿಪ್ಲಿಂಗ್‌ನ ‘ದಿ ಜಂಗಲ್ ಬುಕ್’ ಪುಸ್ತಕದಲ್ಲಿ ತೂಮಾಯಿ ಎಂಬ ಮಾವುತನ ಮಗನ ಕಥೆ ಇದೆ. ಅದನ್ನು ಸಿನಿಮಾ ಮಾಡಬೇಕು, ಅದಕ್ಕೆ ನಿಜವಾದ ಆನೆ, ನಿಜವಾದ ಕಾಡು, ನಿಜವಾದ ಹುಡುಗ ಬೇಕು. ಆಗ ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಆನೆಗಳನ್ನು ಕೊಟ್ಟರು, ಖೆಡ್ಡಾ ಚಿತ್ರಿಸಲು ಅನುವು ಮಾಡಿಕೊಟ್ಟರು. ಐರಾವತ ಎಂಬ ದೊಡ್ಡ ಸಲಗ ಕಥೆಯ ಕಾಲಾ ನಾಗ್ ಆನೆಯಾಯಿತು. ತೂಮಾಯಿ ಪಾತ್ರಕ್ಕೆ ಹಲವು ಹುಡುಗರನ್ನು ನೋಡಿದ ಮೇಲೆ ಆನೆ ಲಾಯದ ಹನ್ನೊಂದು ವರ್ಷದ ಸಾಬು ಆಯ್ಕೆಯಾದ.

ಸಾಬು ಬಗ್ಗೆ ಬರೆದವರೆಲ್ಲ ಇದನ್ನು ಅದೃಷ್ಟ ಎನ್ನುತ್ತಾರೆ. ಬಿಳಿಯರು ಬಂದರು, ಬಡ ಹುಡುಗನನ್ನು ಕಂಡುಹಿಡಿದರು, ಅವನ ಬಾಳು ಬೆಳಗಿತು ಎಂಬ ರೀತಿ. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ. ಆ ಸಿನಿಮಾ ‘ಎಲಿಫೆಂಟ್ ಬಾಯ್’ ಅನ್ನು ನಾನು ಮೊಬೈಲಿನಲ್ಲಿ ಎರಡು ಸಲ ನೋಡಿದೆ. ಹುಡುಗ ಆನೆಯ ಸೊಂಡಿಲಿನ ಮೇಲೆ ಕಾಲಿಟ್ಟು ಹತ್ತಿ ಕುತ್ತಿಗೆಯ ಮೇಲೆ ಕೂರುವುದನ್ನು ನೋಡಿದರೆ ನಮಗೆ ಸೈಕಲ್ ಹತ್ತಿದಷ್ಟು ಸಲೀಸು. ಅದು ನಟನೆಯಲ್ಲ, ತಲೆಮಾರುಗಳಿಂದ ಬಂದ ಕಸುಬು. ಆ ಕಸುಬು ಅವನಲ್ಲಿ ಇಲ್ಲದಿದ್ದರೆ ಕೊರ್ಡಾ ಅವರ ದುಡ್ಡು, ಫ್ಲಾಹರ್ಟಿಯವರ ಕ್ಯಾಮೆರಾ ಎರಡೂ ಸುಮ್ಮನೆ ನಿಂತಿರುತ್ತಿದ್ದವು. ವಾಣಿಜ್ಯ ವಿಭಾಗದಲ್ಲಿ ನಾವು ಓದುವಂತೆ ಹೇಳುವುದಾದರೆ, ಆ ಚಿತ್ರಕ್ಕೆ ಬಂಡವಾಳ ಹಾಕಿದವರಲ್ಲಿ ಸಾಬುವಿನ ಅಪ್ಪನೂ ಒಬ್ಬ. ಅವನ ಹೆಸರು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಎರಡನೇ ಸಲ ನೋಡುವಾಗ ನನ್ನ ನಾನಿ ಪಕ್ಕದಲ್ಲಿ ಬಂದು ಕೂತರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಚಿತ್ರದ ಶುರುವಿನಲ್ಲಿ ತಲೆಗೆ ಪೇಟ ಸುತ್ತಿದ ಸಾಬು ನೇರವಾಗಿ ನಮ್ಮ ಕಡೆ ನೋಡಿ ಮಾತಾಡುತ್ತಾನೆ, ನಗುತ್ತಾನೆ. ನಾನಿ ಅದನ್ನು ಮತ್ತೆ ಹಾಕು ಎಂದರು. ಕಥೆಯಲ್ಲಿ ಹುಡುಗನ ಅಪ್ಪನನ್ನು ಹುಲಿ ಕೊಲ್ಲುತ್ತದೆ. ಆನೆ ದುಃಖದಿಂದ ಹುಚ್ಚಾಗುತ್ತದೆ. ಬೇರೆ ಮಾವುತನ ಕೈಗೆ ಆನೆಯನ್ನು ಕೊಟ್ಟಾಗ ಹುಡುಗ ಅದನ್ನು ಹತ್ತಿ ಕಾಡಿಗೆ ಓಡಿಹೋಗುತ್ತಾನೆ. ಹುಡುಗನಿಗೆ ನಿಜವಾಗಿಯೂ ಅಪ್ಪ ಇರಲಿಲ್ಲ ಎಂದು ನಾನು ಹೇಳಿದೆ. ನಾನಿ ಆಮೇಲೆ ಕಥೆ ನೋಡುವುದನ್ನು ಬಿಟ್ಟು, ಇಂಗ್ಲೆಂಡಿನಲ್ಲಿ ಇವನಿಗೆ ಊಟ ಹಾಕಿದವರು ಯಾರು, ಜ್ವರ ಬಂದರೆ ನೋಡಿಕೊಂಡವರು ಯಾರು ಎಂದು ಕೇಳತೊಡಗಿದರು. ನಾನು ಓದಿದ ಬರಹಗಳಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಉತ್ತರ, ಅಣ್ಣ. ಮೈಸೂರಿನ ಚಿತ್ರೀಕರಣ ಮುಗಿದ ಮೇಲೆ ಉಳಿದ ಭಾಗವನ್ನು ಲಂಡನ್ ಹತ್ತಿರದ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಅಲೆಕ್ಸಾಂಡರ್ ಅವರ ತಮ್ಮ ಜೋಲ್ಟಾನ್ ಕೊರ್ಡಾ ಚಿತ್ರಿಸಿದರು. 1936ರಲ್ಲಿ ಸಾಬು ಹಡಗು ಹತ್ತಿದ. ಜೊತೆಗೆ ಕಾವಲಾಗಿ ಶೇಖ್ ದಸ್ತಗೀರ್ ಹೋದ. ಆಗ ಸಾಬುವಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮಾತುಗಳನ್ನು ಕೇಳಿಸಿಕೊಂಡು ಬಾಯಿಪಾಠ ಮಾಡಿ ಹೇಳಿದ. ಆಮೇಲೆ ಶಾಲೆಗೆ ಸೇರಿ ಎಷ್ಟು ಬೇಗ ಕಲಿತನೆಂದರೆ ಮುಂದಿನ ಚಿತ್ರಗಳಲ್ಲಿ ನೀರು ಕುಡಿದಂತೆ ಇಂಗ್ಲಿಷ್ ಮಾತಾಡುತ್ತಾನೆ. ಉರ್ದು ಮನೆಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ಅಕೌಂಟೆನ್ಸಿಯನ್ನು ಇಂಗ್ಲಿಷಿನಲ್ಲಿ ಬರೆಯುವ ನಮ್ಮಲ್ಲಿ ಹಲವರಿಗೆ ಈ ಕಷ್ಟ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನ ಗೊಂದಲವೂ ಈ ಪ್ರಯಾಣದಲ್ಲೇ ಹುಟ್ಟಿದ್ದು. ಅವನನ್ನು ಜಗತ್ತು ಸಾಬು ದಸ್ತಗೀರ್ ಎಂದು ಕರೆಯಿತು. ದಸ್ತಗೀರ್ ಅಣ್ಣನ ಹೆಸರು. ಕಾಗದಪತ್ರ ಬರೆದುಕೊಂಡವರು ಅಣ್ಣನ ಹೆಸರನ್ನು ಮನೆತನದ ಹೆಸರು ಎಂದು ತಿಳಿದು ತಮ್ಮನಿಗೂ ಅಂಟಿಸಿದರು ಎನ್ನುತ್ತಾರೆ. ಆಧಾರ್ ಕಾರ್ಡಿನಲ್ಲಿ ಒಂದು, ಅಂಕಪಟ್ಟಿಯಲ್ಲಿ ಒಂದು ಹೆಸರಿರುವವರು ನಮ್ಮ ಕಾಲೇಜಿನಲ್ಲೇ ಎಷ್ಟು ಜನ ಇದ್ದಾರೆಂದು ಆಫೀಸಿನವರನ್ನು ಕೇಳಿ.

‘ಎಲಿಫೆಂಟ್ ಬಾಯ್’ 1937ರಲ್ಲಿ ಬಿಡುಗಡೆಯಾಯಿತು. ಆ ವರ್ಷದ ವೆನಿಸ್ ಚಿತ್ರೋತ್ಸವದಲ್ಲಿ ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೊರ್ಡಾ ಇಬ್ಬರಿಗೂ ಸೇರಿ ಉತ್ತಮ ನಿರ್ದೇಶನದ ಪ್ರಶಸ್ತಿ ಬಂತು. ಚಿತ್ರದಲ್ಲಿ ಮೈಸೂರಿನ ಕಾಡು ಬಂದಾಗ ಕಣ್ಣಿಗೆ ಹಬ್ಬ. ಸ್ಟುಡಿಯೋದ ಮರಗಳು ಬಂದಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ನೋಡಿದವರಿಗೆಲ್ಲ ನೆನಪಿನಲ್ಲಿ ಉಳಿದದ್ದು ಹುಡುಗನ ನಗು. ಕನ್ನಡ ಸಿನಿಮಾ ಮಾತು ಕಲಿತು ಮೂರೇ ವರ್ಷವಾಗಿದ್ದ ಕಾಲದಲ್ಲಿ ಕೋಟೆ ತಾಲ್ಲೂಕಿನ ಹುಡುಗನೊಬ್ಬ ಜಗತ್ತಿನ ತಾರೆಯಾದ.

ಮರುವರ್ಷ ‘ದಿ ಡ್ರಮ್’ ಬಂತು. ವಾಯವ್ಯ ಗಡಿನಾಡಿನ ಕಥೆ, ಬಣ್ಣದ ಚಿತ್ರ. ಸಾಬು ಅದರಲ್ಲಿ ಅಜೀಮ್ ಎಂಬ ರಾಜಕುಮಾರ. ಒಳ್ಳೆಯ ರಾಜಕುಮಾರ ಎಂದರೆ ಬ್ರಿಟಿಷರಿಗೆ ಸಹಾಯ ಮಾಡುವವನು, ಅವರ ವಿರುದ್ಧ ನಿಲ್ಲುವ ಪಠಾಣರೆಲ್ಲ ಕೆಟ್ಟವರು, ಇಷ್ಟೇ ಅದರ ತಿರುಳು. 1938ರಲ್ಲಿ ಬೊಂಬಾಯಿ, ಮದರಾಸಿನಲ್ಲಿ ಜನ ಇದರ ವಿರುದ್ಧ ಪ್ರತಿಭಟನೆ ಮಾಡಿದರು. ಸ್ವಾತಂತ್ರ್ಯ ಹೋರಾಟ ನಡೆಯುತ್ತಿದ್ದ ಕಾಲ, ಅವರ ಸಿಟ್ಟು ನ್ಯಾಯವಾದದ್ದೇ. ನಾನು ಆ ಕಾಲದಲ್ಲಿ ಇದ್ದಿದ್ದರೆ ನಾನೂ ಚಿತ್ರಮಂದಿರದ ಹೊರಗೆ ನಿಲ್ಲುತ್ತಿದ್ದೆ. ಆದರೆ ಹದಿನಾಲ್ಕು ವರ್ಷದ, ಕಂಪನಿಯ ಕರಾರಿಗೆ ಕಟ್ಟುಬಿದ್ದ ಹುಡುಗನನ್ನು ಅದಕ್ಕೆ ಹೊಣೆ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಕಥೆ ಬರೆದವರು, ದುಡ್ಡು ಹಾಕಿದವರು ಬೇರೆ ಇದ್ದರು.

ಸಾಬುವಿನ ಚಿತ್ರಗಳಲ್ಲಿ ನನಗೆ ಬಹಳ ಇಷ್ಟವಾದದ್ದು 1940ರ ‘ದಿ ಥೀಫ್ ಆಫ್ ಬಾಗ್ದಾದ್’. ಇಂಗ್ಲೆಂಡಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಗಿ, ಇಡೀ ತಂಡ ಅಮೆರಿಕಕ್ಕೆ ಹೋಗಿ ಚಿತ್ರ ಮುಗಿಸಿತು. ಸಾಬು ಅದರಲ್ಲಿ ಅಬು ಎಂಬ ಪುಟ್ಟ ಕಳ್ಳ. ಸೀಸೆಯಿಂದ ಜಿನ್ ಹೊರಬರುವುದು, ಹಾರುವ ಕುದುರೆ, ಹಾರುವ ಕಂಬಳಿ, ಎಲ್ಲವೂ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾಡಿದ್ದು. ಛಾಯಾಗ್ರಹಣ, ಕಲಾ ನಿರ್ದೇಶನ, ವಿಶೇಷ ಪರಿಣಾಮ ಹೀಗೆ ಮೂರು ಆಸ್ಕರ್ ಬಂದವು. ಅದರ ದುಷ್ಟ ವಜೀರನ ಹೆಸರು ಜಾಫರ್. ನಾವೆಲ್ಲ ಚಿಕ್ಕಂದಿನಲ್ಲಿ ನೋಡಿದ ಡಿಸ್ನಿಯ ‘ಅಲ್ಲಾದೀನ್’ ಕಾರ್ಟೂನಿನಲ್ಲಿ ದುಷ್ಟ ವಜೀರ ಜಾಫರ್, ಕಳ್ಳ ಕೋತಿಯ ಹೆಸರು ಅಬು. ಐವತ್ತೆರಡು ವರ್ಷಗಳ ನಂತರದ ಕಾರ್ಟೂನಿಗೆ ಹೆಸರುಗಳು ಬಂದದ್ದು ಸಾಬುವಿನ ಚಿತ್ರದಿಂದ. ಹುಡುಗನ ಹೆಸರನ್ನು ಕೋತಿಗೆ ಇಟ್ಟದ್ದು ಮಾತ್ರ ನನಗೆ ಸ್ವಲ್ಪ ಬೇಜಾರು.

1942ರಲ್ಲಿ ‘ಜಂಗಲ್ ಬುಕ್’ ಬಂತು. ಸಾಬು ಮೋಗ್ಲಿ. ಕಾಡು ಪೂರ್ತಿ ಕ್ಯಾಲಿಫೋರ್ನಿಯಾದಲ್ಲಿ ನಿರ್ಮಿಸಿದ್ದು. ಕಾಕನಕೋಟೆಯ ಕಾಡಿನಲ್ಲಿ ಬೆಳೆದವನನ್ನು ಕಾಗದದ ಎಲೆಗಳ ನಡುವೆ ಓಡಿಸಿದರು. ಈ ಚಿತ್ರದ ಸಂಗೀತವನ್ನು ಸಾಬುವಿನ ನಿರೂಪಣೆಯೊಂದಿಗೆ ಗ್ರಾಮಫೋನ್ ತಟ್ಟೆಗಳಾಗಿ ಮಾರಾಟಕ್ಕೆ ಬಿಟ್ಟರು. ಇದಾದ ಮೇಲೆ ಕೊರ್ಡಾ ಸಹೋದರರ ಜೊತೆಗಿನ ನಂಟು ಮುಗಿದು ಹಾಲಿವುಡ್ಡಿನ ಯೂನಿವರ್ಸಲ್ ಕಂಪನಿಯ ಚಿತ್ರಗಳು ಶುರುವಾದವು. ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’. ಇವುಗಳಲ್ಲಿ ನಾಯಕ ಬೇರೆ, ನಾಯಕಿ ಬೇರೆ, ಸಾಬು ನಾಯಕನ ಜೊತೆಗಾರ. ಕಥೆ ಅರಬ್ ದೇಶದ್ದಾಗಲಿ, ಯಾವುದೋ ದ್ವೀಪದ್ದಾಗಲಿ, ಸಾಬು ಪಾಲಿಗೆ ಅದೇ ಅರೆಬೆತ್ತಲೆ ವೇಷ, ಅದೇ ನಗು. ಎತ್ತರ ಬೆಳೆದರು, ಮೀಸೆ ಬರುವ ವಯಸ್ಸಾಯಿತು, ಆದರೂ ಹುಡುಗನ ಪಾತ್ರ ಬಿಡಲಿಲ್ಲ. ಇಲ್ಲಿಂದ ನಾನು ಅವರು ಎಂದು ಬರೆಯುತ್ತೇನೆ.

ಏಕೆಂದರೆ ಆ ಹೊತ್ತಿಗೆ ಅವರು ಯುದ್ಧಕ್ಕೆ ಹೋಗಿದ್ದರು. ಅಮೆರಿಕದ ವಾಯುಪಡೆಗೆ ಸೇರಿ, ಬಿ-24 ಲಿಬರೇಟರ್ ಎಂಬ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಸಾಗರದ ಮೇಲೆ ಹಾರಾಟ ನಡೆಸಿದರು. ಆ ವಿಮಾನದ ಹೊಟ್ಟೆಯ ಕೆಳಗೆ ಮತ್ತು ಬಾಲದಲ್ಲಿ ಬಂದೂಕಿನ ಗೂಡು ಇರುತ್ತದೆ. ಒಬ್ಬನೇ ಮುದುರಿ ಕೂರುವಷ್ಟು ಜಾಗ. ಶತ್ರು ವಿಮಾನ ಬಂದರೆ ಮೊದಲು ಗುಂಡು ಬೀಳುವುದು ಅಲ್ಲಿಗೇ. ಪ್ರಸಿದ್ಧ ನಟರೆಂದು ಹೇಳಿಕೊಂಡು ಎಲ್ಲಾದರೂ ಸುರಕ್ಷಿತ ಕೆಲಸ ಕೇಳಬಹುದಿತ್ತು. ಅವರಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಶೌರ್ಯ ಪದಕ ಬಂತು. 1944ರಲ್ಲಿ ಅಮೆರಿಕದ ಪೌರತ್ವವೂ ಸಿಕ್ಕಿತು. ಭಾರತೀಯರಿಗೆ ಪೌರತ್ವ ಕೊಡಬಹುದು ಎಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1946ರಲ್ಲಿ. ಅಂದರೆ ಪದಕ ಕೊಟ್ಟ ದೇಶದಲ್ಲೇ ಅವರಂಥ ಸಾಮಾನ್ಯ ಭಾರತೀಯನಿಗೆ ಆಗ ಬಾಗಿಲು ಮುಚ್ಚಿತ್ತು.

ಯುದ್ಧದಿಂದ ಬಂದ ಮೇಲೆ 1947ರಲ್ಲಿ ‘ಬ್ಲ್ಯಾಕ್ ನಾರ್ಸಿಸಸ್’ ಎಂಬ ಒಳ್ಳೆಯ ಚಿತ್ರ ಸಿಕ್ಕಿತು. ಹಿಮಾಲಯದ ಕನ್ಯಾಸ್ತ್ರೀಯರ ಮಠದ ಕಥೆ, ಆದರೆ ಹಿಮಾಲಯವನ್ನು ಬಣ್ಣ ಬಳಿದು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಕಟ್ಟಿದ್ದರು. ಸಾಬು ಅದರಲ್ಲಿ ರೇಷ್ಮೆ ಬಟ್ಟೆ ತೊಟ್ಟು, ಸುಗಂಧ ಪೂಸಿಕೊಂಡು ಓದಲು ಬರುವ ಯುವಕ. ಪಾತ್ರ ಚಿಕ್ಕದು, ಆದರೂ ಒಮ್ಮೆಯಾದರೂ ಮೈತುಂಬ ಬಟ್ಟೆ ಹಾಕಿ ದೊಡ್ಡವರಂತೆ ಕಾಣುತ್ತಾರೆ. ನನ್ನ ಪ್ರಕಾರ ಅವರಿಗೆ ನಟನೆ ನಿಜವಾಗಿ ಬರುತ್ತಿತ್ತು ಎಂಬುದಕ್ಕೆ ಈ ಚಿತ್ರ ಸಾಕ್ಷಿ. 1948ರಲ್ಲಿ ‘ಮ್ಯಾನ್ ಈಟರ್ ಆಫ್ ಕುಮಾಂವ್’ ಬಂತು. ತೇಜಸ್ವಿಯವರ ಕನ್ನಡದಲ್ಲಿ ಜಿಮ್ ಕಾರ್ಬೆಟ್‌ನನ್ನು ಓದಿದವರು ಹೆಸರು ನೋಡಿ ಮೋಸ ಹೋಗಬೇಡಿ, ಅದರಲ್ಲಿ ಕಾರ್ಬೆಟ್ ಪುಸ್ತಕದ ಹೆಸರು ಬಿಟ್ಟರೆ ಹೆಚ್ಚೇನೂ ಇಲ್ಲ.

ಅದೇ 1948ರಲ್ಲಿ ಮರ್ಲಿನ್ ಕೂಪರ್ ಎಂಬ ನಟಿಯನ್ನು ಮದುವೆಯಾದರು. ಪಾಲ್ ಎಂಬ ಮಗ, ಜಾಸ್ಮಿನ್ ಎಂಬ ಮಗಳು ಹುಟ್ಟಿದರು. ಅವಕಾಶಗಳು ಮಾತ್ರ ಕಡಿಮೆಯಾಗುತ್ತ ಬಂದವು. ವಸಾಹತುಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದವು. ಕಾಡು, ಆನೆ, ಪೇಟ ಕಟ್ಟಿದ ಹುಡುಗ ಎಂಬ ಕಥೆ ಯಾರಿಗೂ ಬೇಡವಾಗಿತ್ತು. ಆದರೆ ಸಾಬುವಿಗೆ ಬೇರೆ ಪಾತ್ರ ಕೊಡಬಹುದು ಎಂದೂ ಯಾರಿಗೂ ಹೊಳೆಯಲಿಲ್ಲ. ಲಂಡನ್ನಿನಲ್ಲಿ ಸರ್ಕಸ್ಸಿನಲ್ಲಿ ಆನೆಗಳ ಆಟ ಮಾಡಿದರು. ಇಟಲಿಗೆ ಹೋಗಿ 1952ರಲ್ಲಿ ವಿಟೋರಿಯೊ ಡಿಸೀಕಾ ಜೊತೆ ಒಂದು ಚಿತ್ರದಲ್ಲಿ ನಟಿಸಿದರು. ಅದರ ಹೆಸರಿನಲ್ಲೂ ಆನೆ ಇತ್ತು.

ಇಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಬರುತ್ತದೆ. 1950ರ ದಶಕದಲ್ಲಿ ಬೊಂಬಾಯಿಯ ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ ಚಿತ್ರ ಮಾಡಲು ಹೊರಟಾಗ ಬಿರ್ಜು ಪಾತ್ರಕ್ಕೆ ಅವರ ಮನಸ್ಸಿನಲ್ಲಿ ಇದ್ದವರು ಸಾಬು. ಸಾಬು ಭಾರತಕ್ಕೆ ಬಂದರು ಕೂಡ. ಆದರೆ ಅವರು ಆಗ ಅಮೆರಿಕದ ಪ್ರಜೆ. ಇಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ತ್ ಅವರಿಗೆ ಹೋಯಿತು. 1957ರಲ್ಲಿ ಚಿತ್ರ ಬಿಡುಗಡೆಯಾಗಿ ಏನಾಯಿತು ಎಂದು ಎಲ್ಲರಿಗೂ ಗೊತ್ತು. ಬಿರ್ಜು ಸಿಟ್ಟಿನ ಮಗ, ಸಾಲ ಕೊಟ್ಟ ಲಾಲಾನ ಲೆಕ್ಕದ ಪುಸ್ತಕವನ್ನು ದ್ವೇಷಿಸುವವನು. ಯಾವ ಆನೆಯೂ ಇಲ್ಲ, ಹುಲಿಯೂ ಇಲ್ಲ. ಇಪ್ಪತ್ತು ವರ್ಷ ಸಾಬು ಕಾದದ್ದು ಇಂಥ ಪಾತ್ರಕ್ಕೇ ಇರಬೇಕು. ಭಾರತದ ಹುಡುಗ ಎಂದು ಜಗತ್ತಿಗೆಲ್ಲ ತೋರಿಸಿಕೊಂಡು ಬಂದವರಿಗೆ ಭಾರತದಲ್ಲಿ ತಯಾರಾದ ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸುವುದು ಆಗಲಿಲ್ಲ.

ನನ್ನ ಮಾಮು ಹನ್ನೊಂದು ವರ್ಷದಿಂದ ಸೌದಿಯಲ್ಲಿ ಡ್ರೈವರ್. ಪ್ರತಿ ಸಲ ರಜೆಗೆ ಬಂದಾಗ ಊರಲ್ಲೇ ಏನಾದರೂ ಮಾಡುತ್ತೇನೆ ಎನ್ನುತ್ತಾರೆ, ಎರಡು ತಿಂಗಳಿಗೆ ಮತ್ತೆ ವಿಮಾನ ಹತ್ತುತ್ತಾರೆ. ಅವರ ಕಥೆಯೇ ಬೇರೆ, ಸಾಬು ಕಥೆಯೇ ಬೇರೆ ಎಂದು ನನಗೂ ಗೊತ್ತು. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಎಲ್ಲಿ ನೋಡಿದರೂ ಒಬ್ಬರಾದರೂ ಹೊರಗೆ ದುಡಿಯುವವರು ಇಲ್ಲದ ಮನೆ ನಮ್ಮವರಲ್ಲಿ ಕಡಿಮೆ. ಹೋಗುವುದಕ್ಕೆ ಕಾಗದ ಮಾಡಿಸುವವರು ಬೇಕಾದಷ್ಟು ಜನ ಇದ್ದಾರೆ. ವಾಪಸ್ ಬಂದು ಇಲ್ಲಿ ನಿಲ್ಲುವುದಕ್ಕೆ ಯಾವ ಕಾಗದ ಬೇಕು ಎಂದು ಯಾರೂ ಹೇಳುವುದಿಲ್ಲ.

ಸಾಬು ಇದ್ದಿದ್ದರೆ ಎಂದು ಯೋಚಿಸುವಾಗ ನನಗೆ ವೀರನಹೊಸಹಳ್ಳಿ ನೆನಪಾಗುತ್ತದೆ. ದಸರಾ ಆನೆಗಳ ಗಜಪಯಣ ನಮ್ಮ ಹುಣಸೂರು ತಾಲ್ಲೂಕಿನ ಆ ಊರಿನಿಂದಲೇ ಹೊರಡುತ್ತದೆ. ಪೂಜೆ, ಮಂತ್ರಿಗಳ ಭಾಷಣ, ಹೂವು, ಫೋಟೋ ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿ. ಮಾವುತರು, ಕಾವಾಡಿಗಳು ಆನೆಯ ಜೊತೆ ಮಾತಾಡುವುದನ್ನು ಕೇಳಿ. ಬೈಠ್ ಎಂಬಂಥ ನಮ್ಮ ಮನೆಯ ಮಾತು ಅದರಲ್ಲಿ ಸಿಗುತ್ತದೆ, ಕನ್ನಡ ಸಿಗುತ್ತದೆ, ಜೇನುಕುರುಬರ ನುಡಿಯೂ ಸಿಗುತ್ತದೆ. ಯಾವುದು ಯಾರದು ಎಂದು ಆನೆ ವಿಂಗಡಿಸುವುದಿಲ್ಲ. ಬಳ್ಳೆ ಶಿಬಿರದ ಅರ್ಜುನ ಎಂಟು ವರ್ಷ ಅಂಬಾರಿ ಹೊತ್ತು, 2023ರ ಡಿಸೆಂಬರಿನಲ್ಲಿ ಕಾಡಾನೆಯೊಂದಿಗಿನ ಕಾಳಗದಲ್ಲಿ ಸತ್ತಾಗ ಊರಿಗೆ ಊರೇ ಅತ್ತಿತು. ಆನೆಯ ಹೆಸರು ನಮಗೆಲ್ಲ ಗೊತ್ತಿರುತ್ತದೆ. ಕುತ್ತಿಗೆ ಮೇಲೆ ಕೂತವನ ಹೆಸರು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ತಡವರಿಸುತ್ತಾರೆ.

ಸಾಬು ಕೊನೆಯ ವರ್ಷಗಳನ್ನು ಕ್ಯಾಲಿಫೋರ್ನಿಯಾದಲ್ಲಿ ಕಳೆದರು. ಅಣ್ಣ ದಸ್ತಗೀರ್ ಅಲ್ಲೇ ಪೀಠೋಪಕರಣದ ಅಂಗಡಿ ನಡೆಸುತ್ತಿದ್ದರು. 1960ರಲ್ಲಿ ದರೋಡೆಗೆ ಬಂದವನ ಕೈಯಲ್ಲಿ ಅವರು ಕೊಲೆಯಾದರು. ಹಡಗಿನಲ್ಲಿ ತಮ್ಮನ ಕೈ ಹಿಡಿದು ಹೋದ ಅಣ್ಣ. ಇದನ್ನು ನಾನಿಗೆ ಹೇಳಬೇಕೋ ಬೇಡವೋ ಎಂದು ಒಂದು ದಿನ ಯೋಚಿಸಿ ಕೊನೆಗೆ ಹೇಳಿದೆ. ಅವರು ದುವಾ ಮಾಡಿದರು. ಅದೇ ವರ್ಷ ಹಾಲಿವುಡ್ಡಿನ ಕಾಲುದಾರಿಯಲ್ಲಿ ಸಾಬು ಹೆಸರಿನ ನಕ್ಷತ್ರವೂ ಕೂತಿತು.

1963ರ ಡಿಸೆಂಬರ್ 2ರಂದು, ಅಧ್ಯಕ್ಷ ಕೆನಡಿ ಹತ್ಯೆಯಾಗಿ ಹತ್ತೇ ದಿನಕ್ಕೆ, ಸಾಬು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 39. ಅವರ ಕೊನೆಯ ಚಿತ್ರ ‘ಎ ಟೈಗರ್ ವಾಕ್ಸ್’ ಮರುವರ್ಷ ಬಿಡುಗಡೆಯಾಯಿತು. ಎರಡು ಮಕ್ಕಳ ತಂದೆ, ಯುದ್ಧದಲ್ಲಿ ಪದಕ ಪಡೆದ ಸೈನಿಕ ಸತ್ತಾಗಲೂ ಜನ ನೆನೆದದ್ದು ಎಲಿಫೆಂಟ್ ಬಾಯ್ ಎಂದೇ.

ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರ ಹೊತ್ತಿಗೆ ಕಬಿನಿ ಅಣೆಕಟ್ಟು ಮುಗಿದು ಖೆಡ್ಡಾದ ಬಯಲು ನೀರಿನಡಿ ಹೋಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಲ್ಲಿ ಹಸಿರು ಹುಲ್ಲು ಏಳುತ್ತದೆ, ನೂರಾರು ಕಾಡಾನೆಗಳು ಮೇಯಲು ಬರುತ್ತವೆ. ಹಿಂದೆ ಅವುಗಳನ್ನು ಅಟ್ಟಿ ಹಿಡಿದ ಜಾಗವೇ ಅದು. ಕಾರಾಪುರದಲ್ಲಿ ದೋಣಿ ಹತ್ತುವ ಪ್ರವಾಸಿಗರಿಗೆ ಹುಲಿ, ಚಿರತೆ, ಕರಿಚಿರತೆಯ ವಿವರ ಸಿಗುತ್ತದೆ. ಸಾಬು ಹೆಸರನ್ನೂ ಒಂದು ಫಲಕದಲ್ಲಿ ಕನ್ನಡ, ಉರ್ದು, ಇಂಗ್ಲಿಷಿನಲ್ಲಿ ಬರೆದು ಅಲ್ಲಿ ನಿಲ್ಲಿಸಿದರೆ ಎಷ್ಟು ಖರ್ಚಾಗುತ್ತದೆ ಎಂದು ನಾನೂ ನನ್ನ ಗೆಳೆಯರೂ ಲೆಕ್ಕ ಹಾಕಿದ್ದೇವೆ. ದೊಡ್ಡ ಮೊತ್ತವೇನಲ್ಲ. ಅನುಮತಿ ಯಾರನ್ನು ಕೇಳಬೇಕು ಎಂದು ಪ್ರಾಂಶುಪಾಲರ ಬಳಿ ವಿಚಾರಿಸಬೇಕು.

ಸಾಬು ಮಗ ಪಾಲ್ ಅಮೆರಿಕದಲ್ಲಿ ರಾಕ್ ಸಂಗೀತಗಾರರಾದರು. ಮಗಳು ಜಾಸ್ಮಿನ್, ಕಾರಾಪುರದ ಮಾವುತನ ಮೊಮ್ಮಗಳು, 2001ರಲ್ಲಿ ತೀರಿಕೊಳ್ಳುವ ತನಕ ಸಿನಿಮಾಗಳಿಗಾಗಿ ಪ್ರಾಣಿಗಳನ್ನು ಪಳಗಿಸುವ ಕೆಲಸ ಮಾಡುತ್ತಿದ್ದರು.